ಅರ್ಧ ಗಂಟೆ ಯಾರದು? ಊಟದ ಬಿಡುವಿನಲ್ಲಿ ನಿದ್ದೆ ಹೋದ ಟೈಲರ್ ಒಬ್ಬರ ಪ್ರಕರಣ

ಇದು ನಡೆದದ್ದು 2019ರ ಮೇ ತಿಂಗಳಲ್ಲಿ. ಏಪ್ರಿಲ್ 18ಕ್ಕೆ ಮಂಡ್ಯದ ಲೋಕಸಭಾ ಮತದಾನ ಮುಗಿದು, ಮೇ 23ರ ಎಣಿಕೆಗೆ ಜಿಲ್ಲೆಗೆ ಜಿಲ್ಲೆಯೇ ಕಾಯುತ್ತಿದ್ದ ದಿನಗಳು. ವ್ಯಾನಿನಲ್ಲಿ, ಕ್ಯಾಂಟೀನಿನಲ್ಲಿ, ಕೈತೊಳೆಯುವ ನಲ್ಲಿಯ ಮುಂದೆ ಎಲ್ಲಿ ನಿಂತರೂ ಅದೇ ಮಾತು. ನಡುವೆ ಎರಡು ದಿನ ಮಾತ್ರ ಚುನಾವಣೆ ಹಿಂದೆ ಸರಿದು ಬೇರೊಂದು ಸುದ್ದಿ ಎಲ್ಲರ ಬಾಯಿಗೆ ಬಂತು. ನಮ್ಮ ಕಾರ್ಖಾನೆಯ ನಾಲ್ಕನೇ ಹೊಲಿಗೆ ಲೈನಿನ ಟೈಲರ್ ಒಬ್ಬರು ಊಟದ ಹೊತ್ತಲ್ಲಿ ಮಲಗಿ ಸಿಕ್ಕಿಬಿದ್ದರಂತೆ.

'ಸಿಕ್ಕಿಬಿದ್ದರು' ಎಂಬ ಆ ಪದ ನನಗೆ ಅಂದೇ ಚುಚ್ಚಿತು. ಕದ್ದವರು ಸಿಕ್ಕಿಬೀಳುತ್ತಾರೆ. ಇವರು ಕದ್ದದ್ದೇನು?

ನಾನು ಆಗ ಮದ್ದೂರು ಸುತ್ತಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿಯಾಗಿದ್ದೆ. 500 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಇಂಥ ಅಧಿಕಾರಿ ಇರಲೇಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಸೆಕ್ಷನ್ ಹೇಳುತ್ತಿತ್ತು. ಸಂಬಳ ಕೊಡುವುದು ಆಡಳಿತ, ನೋಡಿಕೊಳ್ಳಬೇಕಾದದ್ದು ಕಾರ್ಮಿಕರನ್ನು. ಎರಡು ಕಡೆಯೂ ಪೂರ್ತಿ ನಂಬದ ಹುದ್ದೆ ಅದು. ಕಾರ್ಖಾನೆಯ ಹೆಸರು ಇಲ್ಲಿ ಬೇಡ, ಆ ಹೆಣ್ಣುಮಗಳ ಹೆಸರೂ ಬೇಡ. ಶರ್ಟಿಗೆ ಕಾಲರ್ ಕೂರಿಸುವ ಕೆಲಸ ಅವರದು, ಲೈನಿನವರೆಲ್ಲ ಕಾಲರಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಏನಾಯಿತು

ಶಿಫ್ಟು ಬೆಳಗ್ಗೆ 9ರಿಂದ ಸಂಜೆ 5.30. ನಾಲ್ಕನೇ ಲೈನಿಗೆ ಊಟದ ಬಿಡುವು 1ರಿಂದ 1.30. ಆ ದಿನ ಕಾಲರಕ್ಕ ಬೇಗ ಉಂಡು, ಕಟಿಂಗ್ ವಿಭಾಗದ ಉದ್ದನೆಯ ಮೇಜಿನ ಕೆಳಗೆ ಬಟ್ಟೆಯ ರೋಲಿಗೆ ಸುತ್ತಿ ಬರುವ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಸೆರಗು ಮುಖಕ್ಕೆಳೆದು ಮಲಗಿದರು. ಕಟಿಂಗ್‌ನವರ ಊಟ ಬೇರೆ ಹೊತ್ತಿಗೆ. ಆ ದಿನ ಬಟ್ಟೆ ಬರುವುದು ತಡವಾಗಿ ಆ ಮೂಲೆ ಖಾಲಿಯಿತ್ತು. ಲೈಟೂ ಆರಿಸಿದ್ದರು.

1.30ಕ್ಕೆ ಬೆಲ್ ಆಯಿತು. ಅವರಿಗೆ ಎಚ್ಚರವಾಗಲಿಲ್ಲ. ಅವರ ಮೆಷಿನ್ ಪಕ್ಕದಲ್ಲಿ ಬಂಡಲುಗಳು ಕೂಡತೊಡಗಿದವು. ಮುಂದಿನವರು ಕೈಕಟ್ಟಿ ಕೂತರು. 1.37ಕ್ಕೆ ಸೂಪರ್‌ವೈಸರ್ ಹುಡುಕಿಕೊಂಡು ಬಂದರು. ಬಂದವರು ಎಬ್ಬಿಸುವ ಮೊದಲು ಫೋನ್ ತೆಗೆದು ಫೋಟೊ ಹೊಡೆದರು, ಅದನ್ನು ಸೂಪರ್‌ವೈಸರ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕಿದರು, ಆಮೇಲೆ ಮೇಜು ಬಡಿದರು.

ಸಂಜೆಯೊಳಗೆ ಮೆಮೊ ಸಿದ್ಧವಾಗಿತ್ತು. ಇಂಗ್ಲಿಷಿನಲ್ಲಿ. ಕೆಲಸದ ವೇಳೆಯಲ್ಲಿ ನಿದ್ರಿಸಿದ್ದು ದುರ್ನಡತೆ, 48 ಗಂಟೆಯೊಳಗೆ ಉತ್ತರ ಕೊಡಬೇಕು ಎಂದು ಒಕ್ಕಣೆ. ಜೊತೆಗೆ ಅರ್ಧ ದಿನದ ಕೂಲಿ ಕಡಿತ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದೆಯೇ ಕಾಲರಕ್ಕ ಸಹಿ ಮಾಡಿದ್ದರು.

ಮಾರನೇ ದಿನ ನನ್ನ ಕೋಣೆಗೆ ಬಂದರು. ಅತ್ತಿರಲಿಲ್ಲ, ಆದರೆ ಕುರ್ಚಿಯಲ್ಲಿ ಕೂರಲಿಲ್ಲ.

"ಮೇಡಮ್ಮೋರೆ, ಉಂಡ್ಬುಟ್ಟು ಒಂಚೂರು ಅಡ್ಡಾದೆ. ಕಣ್ಣು ಕೂತ್ಕತ್ತು. ಬೆಲ್ಲು ಕೇಳ್ನಿಲ್ಲ, ತಪ್ಪಾಯ್ತು. ಅದ್ಕೆ ಅರ್ಧ ದಿನನಾ? ಹೋಗ್ಲಿ, ಕಾಸು ಹೋದ್ರೆ ಹೋಗ್ಲಿ. ಆ ಫೋಟ ನಮ್ಮೂರ್ ವ್ಯಾನ್ ಡ್ರೈವರ್ ಫೋನಲ್ಲೂ ಅದೆ."

ಅವರ ದಿನ

ಮೆಮೊದಲ್ಲಿ ಆ ದಿನ 9 ಗಂಟೆಗೆ ಶುರುವಾಗುತ್ತದೆ. ಕಾಲರಕ್ಕನ ದಿನ ಶುರುವಾದದ್ದು ನಸುಕಿನ ನಾಲ್ಕೂವರೆಗೆ.

ಮಂಡ್ಯದ ಹಳ್ಳಿಯ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಈ ಪ್ರಕರಣದ ಬೇರು ಇರುವುದೇ ಅಲ್ಲಿ. ಅವರ ಮನೆಯಲ್ಲಿ ಎರಡು ಸೀಮೆಹಸು. ಎದ್ದ ಕೂಡಲೇ ಕೊಟ್ಟಿಗೆ ಗುಡಿಸಿ, ಸಗಣಿ ಬಾಚಿ, ಕೆಚ್ಚಲು ತೊಳೆದು ಹಾಲು ಕರೆಯಬೇಕು. ಆರಕ್ಕೆಲ್ಲ ಕ್ಯಾನು ಹಿಡಿದು ಡೈರಿ ಮುಂದೆ ಸಾಲಿನಲ್ಲಿರಬೇಕು. ಡಿಗ್ರಿ ನೋಡಿ, ಅಳೆದು, ಪುಸ್ತಕದಲ್ಲಿ ಬರೆಸಿಕೊಂಡು ಬರುವಷ್ಟರಲ್ಲಿ ಆರೂವರೆ. ಮುದ್ದೆ ತಿರುವಿ, ಸಾರು ಕಾಯಿಸಿ, ಎರಡು ಮಕ್ಕಳಿಗೂ ಮಾವನಿಗೂ ಎತ್ತಿಟ್ಟು, ತನ್ನ ಡಬ್ಬಿ ಕಟ್ಟಿಕೊಂಡು 7.40ಕ್ಕೆ ಅರಳಿಕಟ್ಟೆ ಹತ್ತಿರ ವ್ಯಾನಿಗೆ ನಿಲ್ಲಬೇಕು. ವ್ಯಾನಿನಲ್ಲಿ ಸೀಟು ಸಿಕ್ಕರೆ ಒಂದು ಕೋಳಿನಿದ್ದೆ, ಸಿಗದಿದ್ದರೆ ಕಂಬಿ ಹಿಡಿದು ಒಂದು ಗಂಟೆ. ಸಂಜೆ ಮತ್ತೆ ಅದೇ ಹಾಲು, ಅದೇ ಡೈರಿ, ಅಡುಗೆ, ಪಾತ್ರೆ. ತಲೆ ದಿಂಬಿಗೆ ತಾಗುವಾಗ ಹತ್ತೂವರೆ, ಹನ್ನೊಂದು. ಮೇ ತಿಂಗಳ ಸೆಕೆ, ಸೊಳ್ಳೆ, ಹೋಗಿ ಬರುವ ಕರೆಂಟು ಸೇರಿದರೆ ಐದೂವರೆ ಗಂಟೆಯ ನಿದ್ದೆಯೂ ಅಪರೂಪ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ.

ಅವರ ಲೈನಿನ ಇತರರನ್ನೂ ಕೇಳಿದೆ. ಐದು ಗಂಟೆಯ ನಂತರ ಎದ್ದೆ ಎಂದವರು ಒಬ್ಬರೂ ಸಿಗಲಿಲ್ಲ.

ಕಾರ್ಖಾನೆಯಲ್ಲಿ ಎಲ್ಲರ ವಾದ ಒಂದೇ: ಮುದ್ದೆ ಉಂಡರೆ ನಿದ್ದೆ ಬರದೆ ಇನ್ನೇನು ಬರುತ್ತದೆ? ಪಾಪ, ಮುದ್ದೆಯ ತಲೆಗೆ ಕಟ್ಟುವುದು ಸುಲಭ. ಆದರೆ ಮಧ್ಯಾಹ್ನ ಒಂದರಿಂದ ಮೂರರ ಆಸುಪಾಸಿನಲ್ಲಿ ಕಣ್ಣೆಳೆಯುವುದಕ್ಕೆ ಊಟವೊಂದೇ ಕಾರಣವಲ್ಲ. ಮೈಯೊಳಗಿನ ಗಡಿಯಾರ ಆ ಹೊತ್ತಿಗೆ ಎಚ್ಚರವನ್ನು ತಾನಾಗಿ ಕೊಂಚ ಇಳಿಸುತ್ತದೆ, ಊಟ ಬಿಟ್ಟವರಿಗೂ ತೂಕಡಿಕೆ ಬರುತ್ತದೆ. ಅದರ ಮೇಲೆ, ನಾವು ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆಯ ಒತ್ತಡ ಹೆಚ್ಚುತ್ತದೆ. ಏಳು ಗಂಟೆಗೆ ಎದ್ದ ಮ್ಯಾನೇಜರ್‌ಗೆ ಮಧ್ಯಾಹ್ನ ಒಂದಕ್ಕೆ ಆರು ಗಂಟೆಯ ಎಚ್ಚರ. ಕಾಲರಕ್ಕನಿಗೆ ಎಂಟೂವರೆ ಗಂಟೆಯದು, ಅದೂ ಹಿಂದಿನ ರಾತ್ರಿಯ ಸಾಲ ತೀರಿಸದೆ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅನ್ನುತ್ತಾರಲ್ಲ, ಕಟಿಂಗ್ ಮೇಜಿನ ಕೆಳಗಿನ ಸಿಮೆಂಟು ನೆಲದಲ್ಲಿ ಅಷ್ಟು ಗಾಢವಾಗಿ ನಿದ್ದೆ ಹತ್ತಿದ್ದು ಅದಕ್ಕೇ.

ನಮ್ಮ ಆಲೆಮನೆಗಳನ್ನು ನೋಡಿದವರಿಗೆ ಇದು ಗೊತ್ತು. ಕೊಪ್ಪರಿಗೆ ಇಳಿಸಿ, ಪಾಕ ಅಚ್ಚಿಗೆ ಹೊಯ್ದ ಮೇಲೆ ಆಳುಗಳು ಕಬ್ಬಿನ ಸಿಪ್ಪೆಯ ಮೇಲೆ ಅಲ್ಲೇ ಒರಗುತ್ತಾರೆ. ಮಾಲೀಕ ದಾಟಿಕೊಂಡು ಹೋಗುತ್ತಾನೆ. ಅದನ್ನು ಯಾರೂ ದುರ್ನಡತೆ ಎಂದು ಬರೆದಿಡುವುದಿಲ್ಲ.

ಕಾನೂನಿನಲ್ಲಿ ಏನಿದೆ

ಮೆಮೊ ಬರೆದ ಎಚ್‌.ಆರ್. ಅಧಿಕಾರಿಯ ಜೊತೆ ನನ್ನ ಮೊದಲ ಮಾತುಕತೆ ಒಂದೇ ಪದದ ಸುತ್ತ ನಡೆಯಿತು. ನಮ್ಮ ಸ್ಥಾಯಿ ಆದೇಶದಲ್ಲಿ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳಲ್ಲಿ, ದುರ್ನಡತೆಯ ಪಟ್ಟಿಯಲ್ಲಿದ್ದದ್ದು 'ಕರ್ತವ್ಯದಲ್ಲಿರುವಾಗ ನಿದ್ರಿಸುವುದು'. ಊಟದ ಬಿಡುವು ಕರ್ತವ್ಯವೇ?

ಕಾರ್ಖಾನೆಗಳ ಕಾಯ್ದೆಯ 55ನೇ ಸೆಕ್ಷನ್ ತೆಗೆದೆವು. ಆಗ ನಮಗೆ ಅನ್ವಯವಾಗುತ್ತಿದ್ದ ನಿಯಮದಂತೆ, ಕನಿಷ್ಠ ಅರ್ಧ ಗಂಟೆಯ ಬಿಡುವು ಕೊಡದೆ ಯಾವ ಕಾರ್ಮಿಕರಿಂದಲೂ ಐದು ಗಂಟೆಗಿಂತ ಹೆಚ್ಚು ಹೊತ್ತು ಕೆಲಸ ಮಾಡಿಸುವಂತಿಲ್ಲ. ಎಷ್ಟೋ ವರ್ಷಗಳಿಂದ ಓದಿದ್ದ ಸೆಕ್ಷನ್ ಅದು. ಆ ದಿನ ಒಂದು ವಿಷಯ ಹೊಸದಾಗಿ ಕಣ್ಣಿಗೆ ಬಿತ್ತು. ಕಾಯ್ದೆ ಅದನ್ನು ಎಲ್ಲೂ ಊಟದ ಬಿಡುವು ಅನ್ನುವುದಿಲ್ಲ. ವಿಶ್ರಾಂತಿಯ ಬಿಡುವು ಅನ್ನುತ್ತದೆ. ಊಟದ ಹೆಸರಿಟ್ಟವರು ನಾವು. ಹೆಸರಿಟ್ಟ ಮೇಲೆ, ಉಣ್ಣದೆ ಬೇರೇನು ಮಾಡಿದರೂ ಅದು ಬಿಡುವಿನ ದುರುಪಯೋಗ ಎಂಬಂತೆ ಕಾಣತೊಡಗಿತು. ದಿನದ 8 ಗಂಟೆಯ ಲೆಕ್ಕದಲ್ಲಿ ಆ ಅರ್ಧ ಗಂಟೆ ಇಲ್ಲ, ಅದಕ್ಕೆ ಕೂಲಿಯೂ ಇಲ್ಲ. ಕೂಲಿ ಕೊಡದ ಹೊತ್ತಿನಲ್ಲಿ ಕಣ್ಣು ಮುಚ್ಚಬೇಡ ಎನ್ನುವ ಹಕ್ಕು ಆಡಳಿತಕ್ಕೆ ಎಲ್ಲಿಂದ ಬರುತ್ತದೆ?

1.00ರಿಂದ 1.30ರವರೆಗಿನ ನಿದ್ದೆ ತಪ್ಪಲ್ಲ, ಇದು ನನ್ನ ನಿಲುವು. 1.30ರಿಂದ 1.37ರವರೆಗಿನದು ಬೇರೆ ಮಾತು, ಅದು ತಡ. ಅವರೇ ಒಪ್ಪಿಕೊಂಡ ತಡ. ಅದನ್ನು ಏನೂ ಅಲ್ಲ ಎಂದು ನಾನು ವಾದಿಸಲಿಲ್ಲ. ಆದರೆ ಕ್ಯಾಂಟೀನಿನಿಂದ ಏಳು ನಿಮಿಷ ತಡವಾಗಿ ಬಂದವರಿಗೆ ಏನು ಮಾಡುತ್ತಿದ್ದೆವೋ ಅಷ್ಟೇ ಇಲ್ಲೂ ಮಾಡಬೇಕು. ಆ ದಿನದವರೆಗೆ ಅಂಥವರಿಗೆ ಸಿಗುತ್ತಿದ್ದದ್ದು ಒಂದು ಗದರಿಕೆ.

ಅರ್ಧ ದಿನದ ಕೂಲಿ ಕಡಿತವಂತೂ ನೇರವಾಗಿ ಕಾನೂನುಬಾಹಿರ. ಗೈರಾದ ಹೊತ್ತಿಗೆ ಎಷ್ಟು ಕೂಲಿಯೋ ಅಷ್ಟನ್ನೇ ಕಡಿಯಬಹುದು ಎಂದು ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತಿತ್ತು. ಏಳು ನಿಮಿಷಕ್ಕೆ ಏಳು ನಿಮಿಷದ ಕೂಲಿ. ಅರ್ಧ ದಿನವೆಂದರೆ 240 ನಿಮಿಷ, ಸುಮಾರು 34 ಪಟ್ಟು. ದಂಡ ಹಾಕುವುದಾದರೆ ಅದಕ್ಕೆ 8ನೇ ಸೆಕ್ಷನ್ ಬೇರೆ ಇತ್ತು: ಯಾವ ತಪ್ಪಿಗೆ ದಂಡ ಎಂದು ಮೊದಲೇ ಪ್ರಕಟಿಸಿರಬೇಕು, ಕಾರ್ಮಿಕರ ಮಾತು ಕೇಳಬೇಕು, ಆ ಅವಧಿಯ ವೇತನದ ಶೇ. 3ನ್ನು ದಾಟಬಾರದು. ಇಲ್ಲಿ ಮಾತು ಕೇಳುವ ಮೊದಲೇ ಕಡಿತವಾಗಿತ್ತು.

ಎಚ್‌.ಆರ್. ಅಧಿಕಾರಿ ಓದಿಕೊಂಡವರು. ಭಾರತ್ ಫೋರ್ಜ್ ಪ್ರಕರಣ ತಂದಿಟ್ಟರು. 1983ರ ಆಗಸ್ಟ್ 26ರ ಬೆಳಗ್ಗೆ 11.40ಕ್ಕೆ ಕಬ್ಬಿಣದ ತಗಡಿನ ಮೇಲೆ ಗಾಢ ನಿದ್ದೆಯಲ್ಲಿದ್ದ ಕಾರ್ಮಿಕರೊಬ್ಬರನ್ನು ಆ ಕಂಪನಿ ವಜಾ ಮಾಡಿತ್ತು. ಶಿಕ್ಷೆ ಅತಿಯಾಯಿತು ಎಂದು ಕಾರ್ಮಿಕ ನ್ಯಾಯಾಲಯ ಹೇಳಿತು. ಕೊನೆಗೆ 2005ರಲ್ಲಿ ಸುಪ್ರೀಂ ಕೋರ್ಟ್ ವಜಾ ಸರಿ ಎಂದಿತು. ನಾವಿಬ್ಬರೂ ಕೂತು ಆ ತೀರ್ಪು ಓದಿದೆವು. ಅಲ್ಲಿ ನಿದ್ದೆ ಹೋದದ್ದು ಕೆಲಸದ ಹೊತ್ತಿನಲ್ಲಿ. ಅದಕ್ಕೂ ಮೊದಲು ಮೂರು ಬಾರಿ ಆ ಕಾರ್ಮಿಕರ ಮೇಲೆ ದುರ್ನಡತೆ ಸಾಬೀತಾಗಿತ್ತು. ನಮ್ಮ ಕಾಲರಕ್ಕನ ಒಂಬತ್ತು ವರ್ಷದ ಕಡತದಲ್ಲಿ ಒಂದೇ ಒಂದು ಮೆಮೊ ಇರಲಿಲ್ಲ. ಪುಟ ಮಗುಚಿ ಮುಗಿದ ಮೇಲೆ ಅವರು ಸುಮ್ಮನೆ ಕೂತರು, ಆಮೇಲೆ "ಕಡಿತ ವಾಪಸ್ ಹಾಕಿಸ್ತೀನಿ, ಮೆಮೊ ಮಾತ್ರ ನೋಡೋಣ" ಅಂದರು. ಅವರ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಸೂಪರ್‌ವೈಸರ್ ಮಾತು

ಸೂಪರ್‌ವೈಸರನ್ನು ಕೆಟ್ಟವರೆಂದು ತೋರಿಸಿಬಿಟ್ಟರೆ ಈ ಬರಹ ಸುಲಭವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಅವರು 27ರ ಹುಡುಗ, ಪಾಂಡವಪುರದ ಕಡೆಯವರು. ಲೈನಿನ ತಲೆಯಲ್ಲಿ ಒಂದು ಬಿಳಿ ಹಲಗೆ, ಅದರ ಮೇಲೆ ಗಂಟೆ ಗಂಟೆಗೂ ಎಷ್ಟು ಪೀಸ್ ಆಯಿತೆಂದು ಬರೆಯಬೇಕು. ಟಾರ್ಗೆಟ್‌ಗಿಂತ ಕಡಿಮೆಯಾದರೆ ಎಲ್ಲರೆದುರು ಫ್ಲೋರ್ ಇನ್‌ಚಾರ್ಜ್ ಅವರನ್ನು ಬೈಯುತ್ತಾರೆ, ಆ ಬೈಗುಳ ನಾನೇ ಕೇಳಿದ್ದೇನೆ. ಶರ್ಟಿನ ಲೈನಿನಲ್ಲಿ ಕಾಲರ್ ನಿಂತರೆ ಹಿಂದಿನದೆಲ್ಲ ಕೂಡಿಬೀಳುತ್ತದೆ, ಮುಂದಿನದು ಬರಿದಾಗುತ್ತದೆ. ಏಳು ನಿಮಿಷ ಎಂಬುದು ಅವರಿಗೆ ಸಣ್ಣ ವಿಷಯವಲ್ಲ.

"ಫೋಟೊ ಇಲ್ದಿದ್ರೆ ನಾನು ಹೇಳಿದ್ದು ಯಾರು ನಂಬ್ತಿದ್ರು ಮೇಡಂ?" ಎಂದು ಅವರು ಕೇಳಿದರು. ಪುರಾವೆ ಇಲ್ಲದೆ ಮಾತಾಡಿದರೆ ಅವರ ತಲೆಗೇ ಬರುತ್ತದೆ ಎಂಬ ಭಯ ನಿಜವಾದದ್ದು.

ಆದರೂ ಫೋಟೊ ವಿಷಯದಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ನಿದ್ದೆಯಲ್ಲಿರುವ ಹೆಂಗಸಿನ ಚಿತ್ರ ತೆಗೆದು ಗಂಡಸರ ಗುಂಪಿಗೆ ಹಾಕುವುದು ಯಾವ ಟಾರ್ಗೆಟ್‌ಗೂ ಬೇಕಾದ ಪುರಾವೆಯಲ್ಲ. ಸೀರೆ ಸರಿದಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲಾಗದ ಸ್ಥಿತಿ ಅದು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ನಮ್ಮಲ್ಲಿದ್ದ ಆಂತರಿಕ ಸಮಿತಿಗೆ ದೂರು ಕೊಡಬಹುದೆಂದು ಕಾಲರಕ್ಕನಿಗೆ ಹೇಳಿದೆ. ಅವರು ಬೇಡವೆಂದರು, "ಅವ್ನೂ ನಮ್ಮಂಗೆ ಒಂದ್ ಮನೆ ಮಗ" ಅಂದರು. ಕೊನೆಗೆ ನನ್ನ ಕೋಣೆಯಲ್ಲಿ, ಇಬ್ಬರು ಹಿರಿಯ ಟೈಲರ್‌ಗಳ ಮುಂದೆ, ಸೂಪರ್‌ವೈಸರ್ ಕ್ಷಮೆ ಕೇಳಿದರು. ಗ್ರೂಪಿನಲ್ಲಿದ್ದ ಪ್ರತಿಯೊಬ್ಬರೂ ಚಿತ್ರ ಅಳಿಸಿದ್ದನ್ನು ಎಚ್‌.ಆರ್. ಖುದ್ದಾಗಿ ನೋಡಿದರು. ಡ್ರೈವರ್ ಫೋನಿನಲ್ಲಿದ್ದದ್ದನ್ನೂ ತೆಗೆಸಿದೆವು. ಇನ್ನೆಲ್ಲಿಗೆ ಹೋಗಿತ್ತೋ, ಅದನ್ನು ಹಿಂದಕ್ಕೆ ತರುವ ದಾರಿ ಯಾರ ಬಳಿಯೂ ಇರಲಿಲ್ಲ.

ಜಾಗದ ಪ್ರಶ್ನೆ

ಆಡಳಿತದ ವಾದಗಳಲ್ಲಿ ಒಂದಕ್ಕೆ ನನ್ನಲ್ಲಿ ಎದುರುತ್ತರವಿರಲಿಲ್ಲ. ಕಟಿಂಗ್ ಮೇಜಿನ ಕೆಳಗೆ ಮಲಗಬಾರದು. ಲೈಟು ಆರಿದ ಮೂಲೆ, ರೋಲು ಹೊತ್ತ ಟ್ರಾಲಿ ಹಿಂದಕ್ಕೆ ಸರಿಯುವ ಜಾಗ, ನಾಲ್ಕು ಹೆಜ್ಜೆ ಆಚೆ ತುರ್ತು ನಿರ್ಗಮನದ ಬಾಗಿಲು. ಬಟ್ಟೆ ತುಂಬಿದ ಕಟ್ಟಡಕ್ಕೆ ಬೆಂಕಿ ಬಿದ್ದರೆ, ಮೇಜಿನ ಕೆಳಗೆ ಒಬ್ಬರು ಮಲಗಿದ್ದಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲಿ ಮಲಗಬಾರದು ಎಂದು ಹೇಳುವ ಹಕ್ಕು ಆಡಳಿತಕ್ಕಿದೆ, ಹೇಳುವುದು ಅದರ ಕರ್ತವ್ಯ ಕೂಡ.

ಹಾಗಾದರೆ ಎಲ್ಲಿ ಮಲಗಬೇಕು? ಈ ಪ್ರಶ್ನೆಗೆ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತಿತ್ತು. 150ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ವಿಶ್ರಾಂತಿ ಕೋಣೆ ಇರಬೇಕು, ಅದು ಗಾಳಿ ಬೆಳಕಿದ್ದು, ತಂಪಾಗಿ, ಚೊಕ್ಕವಾಗಿರಬೇಕು ಎನ್ನುತ್ತಿತ್ತು ಕಾರ್ಖಾನೆಗಳ ಕಾಯ್ದೆಯ 47ನೇ ಸೆಕ್ಷನ್. ನಮ್ಮಲ್ಲೂ ಕೋಣೆಯಿತ್ತು. ನಕ್ಷೆಯಲ್ಲಿತ್ತು, ಬಾಗಿಲ ಮೇಲೆ ಫಲಕವಿತ್ತು. ಒಳಗೆ ಸ್ಯಾಂಪಲ್ ಪೆಟ್ಟಿಗೆಗಳು ಸೂರಿಗೆ ತಾಗಿದ್ದವು. ಬಾಗಿಲು ತೆರೆದರೆ ರಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಪಾಸಣೆಗೆ ಬರುವವರು ಬರುವ ಮೊದಲು ಪೆಟ್ಟಿಗೆಗಳು ಒಂದು ದಿನದ ಮಟ್ಟಿಗೆ ಲಾರಿ ಹತ್ತುತ್ತಿದ್ದವು. ಇದನ್ನು ಕಲ್ಯಾಣಾಧಿಕಾರಿಯಾದ ನಾನೂ ವರ್ಷಗಟ್ಟಲೆ ನೋಡಿಕೊಂಡು ಸುಮ್ಮನಿದ್ದೆ. ಮೇಜಿನ ಕೆಳಗೆ ಕಾಲರಕ್ಕ ಮಲಗಿದ್ದರಲ್ಲಿ ನನ್ನ ಪಾಲೂ ಇದೆ.

ಅರ್ಧ ಗಂಟೆಯ ಲೆಕ್ಕ

ವಿಷಯ ವರ್ಕ್ಸ್ ಕಮಿಟಿಗೆ ಹೋಯಿತು. ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿ ಕೂರುವ ಸಮಿತಿ ಅದು. ನಾನು ತಯಾರಾಗಿ ಹೋಗಿದ್ದೆ. ದೂರದ ಹಾರಾಟದ ಪೈಲಟ್‌ಗಳಿಗೆ 40 ನಿಮಿಷದ ವಿರಾಮ ಕೊಟ್ಟು ನಾಸಾ ಪರೀಕ್ಷಿಸಿದಾಗ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು, ಎಚ್ಚರವೂ ಕೆಲಸದ ಗುಣವೂ ಹೆಚ್ಚಿತು ಎಂದು ಹೇಳಿದೆ. ಫ್ಯಾಕ್ಟರಿ ಮ್ಯಾನೇಜರ್ ಗಮನವಿಟ್ಟು ಕೇಳಿ, "ನಮ್ಮದು ಇರೋದೇ 30 ನಿಮಿಷ, ಅದರಲ್ಲಿ 26 ನಿದ್ದೆ ಮಾಡಿದರೆ ಉಣ್ಣೋದು ಯಾವಾಗ?" ಅಂದರು. ನ್ಯಾಯವಾದ ಪ್ರಶ್ನೆ.

ಮರುದಿನದಿಂದ ಮೂರು ದಿನ ನಾನು ಗಡಿಯಾರ ಹಿಡಿದು ಲೈನಿನವರ ಹಿಂದೆ ನಡೆದೆ. ಮೆಷಿನ್ ಆರಿಸಿ, ಮೆಟ್ಟಿಲಿಳಿದು, ಚೀಲದ ಕಪಾಟಿನಿಂದ ಡಬ್ಬಿ ತೆಗೆದುಕೊಳ್ಳಲು 4 ನಿಮಿಷ. ಕೈತೊಳೆಯಲು ಸಾಲು, 5 ನಿಮಿಷ. ಉಣ್ಣಲು 10, 11. ಡಬ್ಬಿ ತೊಳೆಯಲು ಮತ್ತದೇ ಸಾಲು, 4. ಶೌಚಾಲಯ, 4. ಮೇಲೆ ಹತ್ತಿ ಮೆಷಿನ್ ಸೇರಲು 2. ಕೂಡಿದರೆ 30. ಕಾಯ್ದೆ ವಿಶ್ರಾಂತಿಗೆಂದು ಕೊಟ್ಟ ಅರ್ಧ ಗಂಟೆಯಲ್ಲಿ ವಿಶ್ರಾಂತಿ ಸೊನ್ನೆ. ಕಾಲರಕ್ಕ ಆ ದಿನ ಮಲಗಿದ್ದು ಹೇಗೆಂದು ಕೇಳಿದೆ. ಡಬ್ಬಿ ತೊಳೆದಿರಲಿಲ್ಲ, ಶೌಚಕ್ಕೆ ಹೋಗಿರಲಿಲ್ಲ, ಅರ್ಧ ಮುದ್ದೆ ಬಿಟ್ಟಿದ್ದರು.

ಬಿಡುವನ್ನು 45 ನಿಮಿಷಕ್ಕೆ ಏರಿಸಿ ಸಂಜೆ 5.45ಕ್ಕೆ ಬಿಡೋಣ ಎಂಬ ಸಲಹೆ ನನ್ನದೇ. ಮ್ಯಾನೇಜರ್ ಒಪ್ಪಿಯೂ ಬಿಟ್ಟರು. ಕಮಿಟಿಯ ಹೆಂಗಸರು ಒಂದೇ ಬಾಯಲ್ಲಿ ಬೇಡವೆಂದರು. ನನಗೆ ಆಶ್ಚರ್ಯವಾಯಿತು, ಸ್ವಲ್ಪ ಬೇಸರವೂ ಆಯಿತು. ಅವರಲ್ಲೊಬ್ಬರು ಬಿಡಿಸಿ ಹೇಳಿದರು: ವ್ಯಾನು ಕಾಲು ಗಂಟೆ ತಡವಾಗಿ ಹೊರಟರೆ ಊರು ಸೇರುವುದು ಏಳಕ್ಕೆ. ಅಷ್ಟೊತ್ತಿಗೆ ಸಂಜೆ ಡೈರಿ ಮುಚ್ಚುತ್ತದೆ. "ಮಲಿಕ್ಕಂಡು ಹಾಲ್ ಕಳ್ಕಳದಾ?" ಬೆಳಗ್ಗೆಯ ಹಾಲನ್ನು ಲೆಕ್ಕಕ್ಕೆ ಹಿಡಿದ ನಾನು ಸಂಜೆಯ ಹಾಲನ್ನು ಮರೆತಿದ್ದೆ.

ಹೊತ್ತು ಕೊನೆಗೆ ಸಿಕ್ಕಿದ್ದು ನಲ್ಲಿಯಿಂದ. ಕೈತೊಳೆಯುವ ಕಡೆ ಎಂಟು ನಲ್ಲಿ ಹೆಚ್ಚಿಗೆ ಹಾಕಿಸಿದರು. ಚೀಲದ ಕಪಾಟನ್ನು ಊಟದ ಕೋಣೆಯ ಬಾಗಿಲಿಗೆ ತಂದರು. ಡಬ್ಬಿ ತೊಳೆಯಲು ಬೇರೆ ತೊಟ್ಟಿ ಕಟ್ಟಿಸಿದರು. ಮತ್ತೆ ಗಡಿಯಾರ ಹಿಡಿದು ನಡೆದೆ. ಸಾಲಿನಲ್ಲಿ ಕಳೆಯುತ್ತಿದ್ದ 9 ನಿಮಿಷ ಎರಡಕ್ಕಿಳಿದಿತ್ತು, ಮೆಟ್ಟಿಲು ಕಪಾಟು ಸೇರಿ ಇನ್ನೆರಡು ಮೂರು ನಿಮಿಷ ಉಳಿದಿತ್ತು. ಬೇಕೆಂದವರಿಗೆ ಒಂಬತ್ತು ಹತ್ತು ನಿಮಿಷ ಕೈಗೆ ಬಂತು.

ಹತ್ತು ನಿಮಿಷದಲ್ಲಿ ಎಂಥ ನಿದ್ದೆ ಎಂದು ನಕ್ಕವರಿದ್ದರು. ಹತ್ತೇ ಸಾಕು. 5, 10, 20, 30 ನಿಮಿಷಗಳ ಮಧ್ಯಾಹ್ನದ ನಿದ್ದೆಯನ್ನು ಆಸ್ಟ್ರೇಲಿಯಾದ ಸಂಶೋಧಕರು ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದ್ದ ತಕ್ಷಣವೇ ಗುಣ ಕಂಡದ್ದು 10 ನಿಮಿಷದ ನಿದ್ದೆಯಲ್ಲಿ. 30 ನಿಮಿಷ ಮಲಗಿದವರಿಗೆ ಎದ್ದ ಮೇಲೆ ಕೆಲಹೊತ್ತು ಮಂಪರು ಬಿಡಲಿಲ್ಲ. ಗಾಢ ನಿದ್ದೆಗೆ ಇಳಿದ ಮೇಲೆ ಎಬ್ಬಿಸಿದರೆ ಹಾಗಾಗುತ್ತದೆ. ಕಾಲರಕ್ಕನಿಗೆ ಬೆಲ್ ಕೇಳಿಸದಿದ್ದುದೂ ಅದೇ ಆಳದಲ್ಲಿ. ಮಿನುಗುವ ಸೂಜಿಯ ಮುಂದೆ ಬೆರಳಿಟ್ಟು ಕೂರುವವರಿಗೆ ಆ ಮಂಪರು ಅಪಾಯ. ಆದ್ದರಿಂದ ಕಡಿಮೆ ಹೊತ್ತು ಎಂಬುದು ನಮ್ಮ ಕಾರ್ಖಾನೆಯ ಬಡತನದಿಂದ ಬಂದದ್ದಾದರೂ ಸರಿಯಾಗಿಯೇ ಇತ್ತು.

ಜೂನ್ ಕೊನೆಗೆ ಪೆಟ್ಟಿಗೆಗಳು ಗೋದಾಮಿಗೆ ಹೋದವು. ಕೋಣೆಗೆ ಸುಣ್ಣ ಹೊಡೆಸಿ, ನಾಲ್ಕು ಫ್ಯಾನು ಹಾಕಿಸಿ, ಚಾಪೆ ತರಿಸಿದೆವು. 1.25ಕ್ಕೆ ಒಂದು ಸಣ್ಣ ಬೆಲ್, ಲೈಟು ಹತ್ತಬೇಕು. ಲೈನಿಗೊಬ್ಬರಂತೆ ಎಬ್ಬಿಸುವ ಪಾಳಿ. ಗಂಡಸರು ಕಡಿಮೆಯಿದ್ದರು, ಅವರಿಗೆ ಕ್ಯಾಂಟೀನಿನ ಹಿಂದಿನ ಪಡಸಾಲೆ. ಮೊದಲ ವಾರ ಅಲ್ಲಿ ನಿದ್ದೆಗಿಂತ ಮಾತೇ ಹೆಚ್ಚು ನಡೆಯಿತು. ಚಾಪೆಗೆ ಜಗಳವಾಯಿತು. ಗೊರಕೆಯ ದೂರೂ ನನ್ನ ಬಳಿಗೆ ಬಂತು. ಆಮೇಲೆ ತಾನಾಗಿ ಸರಿಹೋಯಿತು. ಮಲಗುವವರು ಗೋಡೆ ಕಡೆ, ಸುಮ್ಮನೆ ಕಾಲು ಚಾಚುವವರು ಬಾಗಿಲ ಕಡೆ. ಎಲ್ಲರೂ ಬರುತ್ತಿರಲಿಲ್ಲ. ಬಸುರಿಯರು, ಮುಟ್ಟಿನ ನೋವಿನಲ್ಲಿದ್ದವರು, ಮನೆಯಲ್ಲಿ ಎಳೆಗೂಸಿದ್ದವರು ತಪ್ಪದೆ ಬರುತ್ತಿದ್ದರು. ಅವರು ಅಲ್ಲಿಯವರೆಗೆ ಎಲ್ಲಿಗೆ ಹೋಗುತ್ತಿದ್ದರು ಎಂದು ನಾನು ಎಂದೂ ಕೇಳಿರಲಿಲ್ಲ.

ಇಬ್ಬರಿಗೆ ಮಾತ್ರ ಇಲ್ಲ ಎನ್ನಬೇಕಾಯಿತು. ಗೇಟಿನ ಕಾವಲುಗಾರರು, ಮತ್ತು ಇಸ್ತ್ರಿ ವಿಭಾಗಕ್ಕೆ ಹಬೆ ಕೊಡುವ ಬಾಯ್ಲರ್ ನೋಡಿಕೊಳ್ಳುವವರು. ಬದಲಿ ಆಳು ಬಂದು ಕೂರದೆ ಅವರು ಕಣ್ಣು ಮುಚ್ಚುವಂತಿಲ್ಲ. ಅವರಿಗೆ ಬೇಕಾದದ್ದು ಚಾಪೆಯಲ್ಲ, ಬದಲಿ. ಬಾಯ್ಲರಿಗೆ ಬದಲಿ ಸಿಕ್ಕಿತು, ಗೇಟಿಗೆ ಸಿಗಲಿಲ್ಲ.

ಉಳಿದದ್ದು

ಮೆಮೊ ಹಿಂತೆಗೆದರು. ಏಳು ನಿಮಿಷದ ತಡಕ್ಕೆ ಬಾಯಿಮಾತಿನ ಎಚ್ಚರಿಕೆ ಎಂದು ಕಡತದಲ್ಲಿ ಬರೆದು ಮುಗಿಸಿದರು. ಅರ್ಧ ದಿನದ ಕೂಲಿ ಜೂನ್ ಸಂಬಳದಲ್ಲಿ ಬಂತು.

2022ರಲ್ಲಿ ಬೆಂಗಳೂರಿನ ವೇಕ್‌ಫಿಟ್ ಕಂಪನಿ ತನ್ನ ನೌಕರರು ಮಧ್ಯಾಹ್ನ 2ರಿಂದ 2.30ರವರೆಗೆ ಮಲಗಬಹುದೆಂದು ಪ್ರಕಟಿಸಿದಾಗ ಪತ್ರಿಕೆಗಳೆಲ್ಲ ಬರೆದವು. ಒಳ್ಳೆಯದೇ. ಎ.ಸಿ. ಕಚೇರಿಯ ನಿದ್ದೆಗೆ 'ಉತ್ಪಾದಕತೆ' ಎಂಬ ಹೆಸರು ಸಿಗುವಾಗ ಹೊಲಿಗೆ ಮೆಷಿನ್ ಮುಂದಿನವರ ನಿದ್ದೆಗೆ ಮೆಮೊ ಸಿಗಬಾರದು ಎಂದು ಮಾತ್ರ ಆಗ ನನಗೆ ಅನ್ನಿಸಿತು. 2025ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ತೀರ್ಪೊಂದನ್ನು ಓದಿದಾಗ ಕಾಲರಕ್ಕನ ಮುಖ ಕಣ್ಣ ಮುಂದೆ ಬಂತು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕಾನ್‌ಸ್ಟೆಬಲ್ ಒಬ್ಬರು ಸುಮಾರು 60 ದಿನ ದಿನಕ್ಕೆ 16 ಗಂಟೆ ದುಡಿದು, ಕರ್ತವ್ಯದಲ್ಲೇ ನಿದ್ದೆ ಹೋಗಿದ್ದರು. ಅಲ್ಲೂ ಯಾರೋ ವಿಡಿಯೊ ಮಾಡಿದ್ದರು, ಅದು ಹರಿದಾಡಿತ್ತು, ಅದರ ಮೇಲೆ ಅಮಾನತು. ನಿದ್ದೆ ಮತ್ತು ವಿಶ್ರಾಂತಿ ಮನುಷ್ಯನ ಹಕ್ಕು ಎಂದು ಹೇಳಿ ನ್ಯಾಯಾಲಯ ಅಮಾನತನ್ನು ರದ್ದು ಮಾಡಿತು. ಅದು ಕರ್ತವ್ಯದ ಹೊತ್ತಿನ ನಿದ್ದೆ, ನಮ್ಮದು ಬಿಡುವಿನದು. ಅಷ್ಟಕ್ಕೂ ಅಷ್ಟು ದೂರ ಹೋಗಬೇಕಾಗಿರಲಿಲ್ಲ, ನಮ್ಮ ಪ್ರಕರಣ ಅದಕ್ಕಿಂತ ಎಷ್ಟೋ ಸರಳ.

ಒಂದು ಕೆಲಸ ಮಾತ್ರ ನನ್ನಿಂದ ಪೂರ್ತಿಯಾಗಲಿಲ್ಲ. ಬಿಡುವಿನ ಹೊತ್ತಿನಲ್ಲಿ ವಿಶ್ರಾಂತಿ ಕೋಣೆಯಲ್ಲಿ ಮಲಗುವುದು ದುರ್ನಡತೆಯಲ್ಲ ಎಂದು ಮ್ಯಾನೇಜರ್ ಕನ್ನಡದಲ್ಲೇ ಸುತ್ತೋಲೆ ಹೊರಡಿಸಿದರು, ಸೂಚನಾ ಫಲಕದಲ್ಲಿ ಹಾಕಿದರು. ಸುತ್ತೋಲೆ ಮುಂದೆ ಬರುವ ಮ್ಯಾನೇಜರ್ ಕಿತ್ತುಹಾಕಬಹುದಾದ ಕಾಗದ. ಸ್ಥಾಯಿ ಆದೇಶದಲ್ಲಿಯೇ ಆ ಮಾತು ಸೇರಬೇಕಿತ್ತು. ಅದಕ್ಕೆ ಆಗ ಸ್ಥಾಯಿ ಆದೇಶಗಳ 1946ರ ಕಾಯ್ದೆಯ 10ನೇ ಸೆಕ್ಷನ್ ಅಡಿ, ಅವನ್ನು ಪ್ರಮಾಣೀಕರಿಸುವ ಅಧಿಕಾರಿಗೆ ತಿದ್ದುಪಡಿಯ ಅರ್ಜಿ ಹಾಕಬೇಕಿತ್ತು. ಕರಡು ಬರೆದು ಕೊಟ್ಟಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಕರಡು ಫೈಲಿನಲ್ಲೇ ಉಳಿಯಿತು, ಮರುವರ್ಷ ನಾನು ಆ ಕೆಲಸ ಬಿಟ್ಟೆ.

ಬಿಡುವ ದಿನ ಕಾಲರಕ್ಕ ಗೇಟಿನವರೆಗೆ ಬಂದರು. ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ತೋರಿಸಿದರು. ಆ ಸುತ್ತೋಲೆಯ ಜೆರಾಕ್ಸ್. ಮಡಿಕೆಯ ಗೆರೆಯಲ್ಲಿ ಅಕ್ಷರ ಮಾಸಿತ್ತು. ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದರಂತೆ. "ಹೊಸಬ್ರು ಯಾರಾರ ಕೇಳುದ್ರೆ ತೋರ್ಸಕ್ಕೆ" ಅಂದರು.